ದರ್ಜಿ ಅಕ್ಕನ ದವಡೆ

ಕೆಲವರಿಗೆ ಹುಟ್ಟಿದಾಗಿನಿಂದಲೇ ಒಂದು ಕಾಯಿಲೆ. ಬೀಗ ಹಾಕಿದ ಮೇಲೆ ಎಳೆದು ನೋಡಬೇಕು, ಎಳೆದು ನೋಡಿ ಹತ್ತು ಹೆಜ್ಜೆ ಹೋದ ಮೇಲೆ ವಾಪಸ್ ಬಂದು ಮತ್ತೆ ಎಳೆಯಬೇಕು. ನಕ್ಷೆಯವಳು ಆ ಪೈಕಿ. ಆ ಬೆಳಿಗ್ಗೆ ನಲ್ಲಿ ನೋಡಲು ಒಂದು ಸಲ, ಒಲೆ ನೋಡಲು ಒಂದು ಸಲ ಒಳಗೆ ಹೋಗಿಬಂದಳು. ಮೂರನೇ ಸಲ ಚಪ್ಪಲಿ ಬಿಡುತ್ತಿದ್ದಾಗ, ಸ್ಕೂಟರಿನ ಮೇಲೆ ಕೂತಿದ್ದ ಗಂಡ, ಮನೆಗೆ ಕಾಲಿಲ್ಲ, ಅದು ಎಲ್ಲಿಗೂ ಓಡಿಹೋಗುವುದಿಲ್ಲ ಎಂದ. ಅವಳು ನಗಲಿಲ್ಲ. ಏನೋ ಮರೆತಿದ್ದಾಳೆ. ಅದು ನಲ್ಲಿಯೂ ಅಲ್ಲ, ಒಲೆಯೂ ಅಲ್ಲ ಎಂಬುದಷ್ಟೇ ಗೊತ್ತು, ಯಾಕೆಂದರೆ ಎರಡನ್ನೂ ನೋಡಿಬಂದ ಮೇಲೂ ಎದೆಯೊಳಗಿನ ಕೆರೆತ ನಿಂತಿರಲಿಲ್ಲ.

ಅವಳ ಕೆಲಸ ಆಸ್ಪತ್ರೆಯಲ್ಲಿ. ಆದರೆ ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದ ಕೋಣೆಯಲ್ಲಿ, ಎರಡು ಕಂಪ್ಯೂಟರು, ಒಂದು ಪ್ರಿಂಟರು ಇಟ್ಟುಕೊಂಡು ಮೂಳೆಗಳ ನಕ್ಷೆ ಮಾಡುತ್ತಾಳೆ. ಮೇಲಿನ ಸ್ಕ್ಯಾನ್ ಕೋಣೆಯಿಂದ ರೋಗಿಯ ತಲೆ, ಕಾಲು ತೆಳ್ಳನೆಯ ಹೋಳುಗಳಾಗಿ ಅವಳ ಪರದೆಗೆ ಬರುತ್ತವೆ. ಒಂದರ ಮೇಲೊಂದು ಜೋಡಿಸಿದರೆ ಆ ಮನುಷ್ಯನ ಎಲುಬು ಇದ್ದದ್ದು ಇದ್ದ ಹಾಗೆ ಎದ್ದು ನಿಲ್ಲುತ್ತದೆ. ಕೆಟ್ಟ ಮೂಳೆಯನ್ನು ಎಲ್ಲಿಂದ ಎಲ್ಲಿಯವರೆಗೆ ತೆಗೆಯಬೇಕು, ಆ ಜಾಗಕ್ಕೆ ಕಾಲಿನ ಮೂಳೆಯನ್ನು ಎಷ್ಟು ತುಂಡು ಮಾಡಿ ಯಾವ ಓರೆಯಲ್ಲಿ ಕೂರಿಸಬೇಕು, ಎಲ್ಲವನ್ನೂ ಅಳೆದು ಸುರಿದು ತೀರ್ಮಾನಿಸಿ, ಗರಗಸ ತೂರುವಂಥ ಸೀಳುಗಳಿರುವ ಪ್ಲಾಸ್ಟಿಕ್ ಅಚ್ಚುಗಳನ್ನು ಪ್ರಿಂಟ್ ಮಾಡಿಕೊಡುತ್ತಾಳೆ. ಡಾಕ್ಟರು ಅಚ್ಚನ್ನು ಮೂಳೆಗೆ ಕೂರಿಸಿ, ಆ ಸೀಳಿನಲ್ಲೇ ಗರಗಸ ಆಡಿಸುತ್ತಾರೆ. ಅಚ್ಚು ಸರಿಯಿದ್ದರೆ ಮೂಳೆ ಸರಿ. ಅಚ್ಚು ತಪ್ಪಿದ್ದರೆ ಮೂಳೆಯೂ ಅಷ್ಟೇ ನೀಟಾಗಿ ತಪ್ಪುತ್ತದೆ.

ಮಾರನೆಯ ಬೆಳಿಗ್ಗೆ ಏಳಕ್ಕೆ ಆಪರೇಷನ್ ಇದ್ದದ್ದು ದರ್ಜಿ ಅಕ್ಕನಿಗೆ. ವಾರ್ಡಿನವರು ಇಟ್ಟ ಹೆಸರು ಅದು. ಐವತ್ತಾರು ವರ್ಷ ವಯಸ್ಸು, ಮೂವತ್ತು ವರ್ಷದ ಹೊಲಿಗೆ ಅಂಗಡಿ, ಜೊತೆಗೆ ಬಾಯಿ ಜೋರಿನ ಒಬ್ಬ ತಂಗಿ. ಅಕ್ಕನ ಎಡ ಕೆಳದವಡೆಯೊಳಗೆ ಗೆಡ್ಡೆ ಬೆಳೆದಿತ್ತು. ಜೀವ ತೆಗೆಯುವಂಥದ್ದಲ್ಲ, ಆದರೆ ಬಾಗಿಲ ಚೌಕಟ್ಟಿಗೆ ಗೆದ್ದಲು ಹಿಡಿದಂತೆ ಮೂಳೆಯನ್ನು ಒಳಗಿನಿಂದ ತಿಂದು ಬರೀ ಸಿಪ್ಪೆ ಉಳಿಸಿತ್ತು. ಜೋರಾಗಿ ಆಕಳಿಸಿದರೂ ಮುರಿದೀತು, ಏನನ್ನೂ ಕಚ್ಚಬೇಡಿ ಎಂದು ಡಾಕ್ಟರು ಹೆದರಿಸಿದ್ದರಿಂದ ಮೂರು ತಿಂಗಳಿಂದ ಅವರಿಗೆ ಗಂಜಿಯೇ ಗತಿ. ಗದ್ದದ ಹತ್ತಿರದಿಂದ ಕಿವಿಯ ಕೆಳಗಿನವರೆಗೆ ಆ ದವಡೆ ತೆಗೆದು, ಬಲಗಾಲಿನ ಸಣ್ಣ ಮೂಳೆಯನ್ನು ಮೂರು ತುಂಡು ಮಾಡಿ ಅಲ್ಲಿ ಕೂರಿಸಿ, ಅದೇ ದಿನ ಅದರ ಮೇಲೆ ಹೊಸ ಹಲ್ಲನ್ನೂ ನಿಲ್ಲಿಸುವುದೆಂದು ನಿಶ್ಚಯವಾಗಿತ್ತು. ಹಲ್ಲಿನ ಸಲುವಾಗಿ ಅಳತೆ ಕೂದಲೆಳೆಯಷ್ಟೂ ಆಚೀಚೆ ಆಗುವ ಹಾಗಿರಲಿಲ್ಲ. ಒಮ್ಮೆ ಕತ್ತರಿಸಿದ ಮೂಳೆಯನ್ನು ಮತ್ತೆ ಉದ್ದ ಮಾಡಲು ಯಾವ ಡಾಕ್ಟರಿಗೂ ಬರುವುದಿಲ್ಲ.

ನಿಜಕ್ಕೂ ಈ ಆಪರೇಷನ್ ಆರು ವಾರದ ಹಿಂದೆಯೇ ಮುಗಿಯಬೇಕಿತ್ತು. ಮುಂದೆ ಹೋದದ್ದು ನಕ್ಷೆಯವಳ ದೆಸೆಯಿಂದ. ಮೊದಲ ಸ್ಕ್ಯಾನಿನ ಹೊತ್ತಿಗೆ, ಹತ್ತಿಯ ಸುರುಳಿಯನ್ನು ಹಲ್ಲಿನ ನಡುವೆ ಇಟ್ಟುಕೊಂಡು ಮಲಗಿದ್ದ ಅಕ್ಕ ಉಗುಳು ನುಂಗಿಬಿಟ್ಟಿದ್ದರು; ಚಿತ್ರದಲ್ಲಿ ಗದ್ದದ ಬಳಿ ಒಂದಿಷ್ಟು ಮಸುಕು. ಸ್ಕ್ಯಾನ್ ಕೋಣೆಯವನು ಇಷ್ಟು ಸಾಕು ಎಂದ. ದೊಡ್ಡ ಡಾಕ್ಟರೂ ಸಾಕು ಎಂದರು. ಇವಳೊಬ್ಬಳು ಸಾಲದು, ಇನ್ನೊಂದು ಸಲ ತೆಗೆಯಿರಿ ಎಂದು ಹಟ ಹಿಡಿದಳು. ತೆಗೆದರು. ಅಷ್ಟರಲ್ಲಿ ಆಪರೇಷನ್ ಥಿಯೇಟರಿನ ದಿನ ಕೈತಪ್ಪಿ, ಮುಂದಿನದು ಸಿಗಲು ಆರು ವಾರ ಹಿಡಿಯಿತು. ಅದಕ್ಕೂ ಮೊದಲು ಒಮ್ಮೆ, ಯಾರದೋ ಕೆನ್ನೆಯ ಮೂಳೆಯಲ್ಲಿ ಬಿರುಕು ಕಂಡಿತೆಂದು ಅವಳು ಆಪರೇಷನ್ನನ್ನೇ ನಿಲ್ಲಿಸಿದ್ದಳು. ನೋಡಿದರೆ ಅದು ರೋಗಿ ಬಿಚ್ಚಲು ಮರೆತಿದ್ದ ಓಲೆಯ ನೆರಳು. ಆಸ್ಪತ್ರೆಯಲ್ಲಿ ಬೆನ್ನ ಹಿಂದೆ ಅವಳಿಗೆ "ಇನ್ನೊಂದ್ಸಲ ಮೇಡಂ" ಎಂದೇ ಹೆಸರು. ದೊಡ್ಡ ಡಾಕ್ಟರು ಬೆನ್ನ ಹಿಂದೆ ಆಡುವವರಲ್ಲ, ಎದುರಿಗೇ ಹೇಳಿದ್ದರು.

"ಹುಲಿ ಬಂತು ಹುಲಿ ಅಂತ ಎಷ್ಟು ಸಲ ಕೂಗ್ತೀಯಮ್ಮಾ? ಇನ್ನೊಮ್ಮೆ ಸುಮ್ಮಸುಮ್ನೆ ನಿಲ್ಸಿದ್ರೆ ಈ ಕೆಲಸ ಹೊರಗಿನ ಕಂಪನಿಗೆ ಹೋಗುತ್ತೆ. ನಿನ್ನ ಕೋಣೆಗೆ ಬೀಗ ಬೀಳುತ್ತೆ."

ಆದ್ದರಿಂದ ಈ ಸಲ ಅವಳು ಪಟ್ಟು ಹಿಡಿದು ತೆಪ್ಪಗಿದ್ದಳು. ಹೊಸ ಸ್ಕ್ಯಾನಿನ ಮೇಲೆ ನಕ್ಷೆ ಮುಗಿದಿತ್ತು. ದೊಡ್ಡ ಡಾಕ್ಟರು ನೋಡಿ ಸಹಿ ಹಾಕಿದ್ದರು. ಅಚ್ಚುಗಳು ಪ್ರಿಂಟಾಗಿ, ತೊಳೆದು, ಆವಿಯಲ್ಲಿ ಕ್ರಿಮಿಶುದ್ಧಿಯಾಗಲು ಹೋಗಿದ್ದವು. ಮುಗಿದ ಫೈಲನ್ನು ಮತ್ತೆ ತೆರೆಯುವುದಿಲ್ಲವೆಂದು ಗಂಡನಿಗೆ ಭಾಷೆಯನ್ನೂ ಕೊಟ್ಟಿದ್ದಳು. ಪಾಪ, ಅವನು ಅದನ್ನು ಕೇಳಿದ್ದು ಅವಳು ಎರಡು ರಾತ್ರಿಯಾದರೂ ನೆಮ್ಮದಿಯಾಗಿ ಮಲಗಲಿ ಎಂದು.

ಭಾಷೆಯೇನೋ ಕೊಟ್ಟಳು, ಕಾಲಿಗೆ ಹೇಳುವವರು ಯಾರು? ಕಾಲು ಸುಟ್ಟ ಬೆಕ್ಕಿನ ಹಾಗೆ ಬೆಳಿಗ್ಗೆಯಿಂದ ಮಹಡಿ ಮಹಡಿ ಸುತ್ತಿದಳು. ಕ್ರಿಮಿಶುದ್ಧಿಯ ಕೋಣೆಯ ಗಾಜಿನಾಚೆಯಿಂದ ತನ್ನ ಅಚ್ಚುಗಳ ಪೊಟ್ಟಣದ ಮೇಲಿನ ಚೀಟಿ ಓದಿದಳು. ರೋಗಿಯ ಸಂಖ್ಯೆ ಸರಿ, ಎಡ ದವಡೆ ಸರಿ, ಬಲಗಾಲು ಸರಿ. ಅರ್ಧ ಗಂಟೆ ಬಿಟ್ಟು ಹೋಗಿ ಮತ್ತೆ ಓದಿದಳು, ಅಷ್ಟರಲ್ಲಿ ಎಡ ಹೋಗಿ ಬಲ ಆಗಿರಬಹುದೇನೋ ಎಂಬಂತೆ. ಸ್ಕ್ಯಾನ್ ಕೋಣೆಯವನು ಎದುರಾದವನು, ಏನು ಮೇಡಂ, ಪರೀಕ್ಷೆಯ ರಿಸಲ್ಟು ಹಾಕಿದ್ದಾರಾ ಎಂದು ಕಿಚಾಯಿಸಿದ. ಅವಳು ಕೋಣೆಗೆ ಬಂದು ಕೂತಳು, ಎದ್ದಳು, ನೀರು ಕುಡಿದಳು. ಪಕ್ಕದಲ್ಲಿ ಒಗೆಯುವ ಯಂತ್ರಗಳು ಗಡಗಡ ಎನ್ನುತ್ತಿದ್ದವು. ಮೌಸಿನ ಮೇಲೆ ಹೋದ ಕೈಯನ್ನು ಎರಡು ಸಲ ತಾನೇ ಹಿಂದಕ್ಕೆ ಎಳೆದುಕೊಂಡಳು.

ಊಟದ ಹೊತ್ತು ಕಳೆದ ಮೇಲೆ ಒಂದು ದಾರಿ ಹೊಳೆಯಿತು. ಫೈಲು ತೆರೆಯುವುದಿಲ್ಲ ಎಂದಿದ್ದಳೇ ಹೊರತು, ಮೇಜಿನ ಮೇಲೆ ಕೂತಿದ್ದ ಪ್ಲಾಸ್ಟಿಕ್ ಮಾದರಿಯನ್ನು ಮುಟ್ಟುವುದಿಲ್ಲ ಎಂದಿರಲಿಲ್ಲ. ಅಕ್ಕನ ಮೇಲಿನ ದವಡೆ ಒಂದು, ಹೊಸ ಮೂಳೆ ಹೊಸ ಹಲ್ಲು ಕೂಡಿದ ಕೆಳದವಡೆ ಒಂದು. ರೋಗಿಗೆ ತೋರಿಸಿದರೆ ಅವರಿಗೂ ಧೈರ್ಯ ಬಂದೀತು ಎಂದು ತನಗೇ ಸಮಜಾಯಿಷಿ ಹೇಳಿಕೊಂಡು, ಎರಡನ್ನೂ ಡಬ್ಬಿಯಲ್ಲಿಟ್ಟುಕೊಂಡು ಮೂರನೇ ಮಹಡಿಗೆ ಹತ್ತಿದಳು. ಯಾರಿಗೆ ಧೈರ್ಯ ಬೇಕಾಗಿತ್ತೋ ದೇವರಿಗೇ ಗೊತ್ತು.

ದರ್ಜಿ ಅಕ್ಕ ಹಾಸಿಗೆಯ ಮೇಲೆ ಕಾಲು ಚಾಚಿ ಕೂತು, ಯಾವುದೋ ನರ್ಸಿನ ಕೋಟಿಗೆ ಗುಂಡಿ ಹಾಕುತ್ತಿದ್ದರು. ಎಡಗೆನ್ನೆ ಊದಿ ಮಾತು ಸ್ವಲ್ಪ ತೊದಲುತ್ತಿತ್ತು, ಆದರೆ ನಿಂತಿರಲಿಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರೆ, ನನಗೆ ಇವರು ಎರಡನ್ನೂ ಬಿಡಿಸಿದ್ದಾರೆ ಎಂದು ಪಕ್ಕದ ಹಾಸಿಗೆಯವಳಿಗೆ ಹೇಳುತ್ತಿದ್ದರು. ತಂಗಿ ಕಿಟಕಿಯ ಬಳಿ ಕುರ್ಚಿಯಲ್ಲಿ ಮುಖ ದಪ್ಪ ಮಾಡಿಕೊಂಡು ಕೂತಿದ್ದಳು. ಆರು ವಾರ ಮುಂದೆ ಹಾಕಿದವಳು ಇವಳೇ ಎಂಬುದು ಅವಳಿಗೆ ಹೇಗೋ ಗೊತ್ತಾಗಿತ್ತು.

ಅಕ್ಕ ಮಾದರಿಯನ್ನು ಡಾಕ್ಟರುಗಳು ಹಿಡಿಯುವ ಹಾಗೆ ಹಿಡಿಯಲಿಲ್ಲ. ಹೊಲಿದು ಮುಗಿದ ಅಂಗಿಯನ್ನು ನೋಡುವ ಹಾಗೆ ತಿರುವಿದರು, ಅಂಚು ಸವರಿದರು, ಕೂಡಿಸಿದ ಜಾಗದ ಮೇಲೆ ಉಗುರು ಆಡಿಸಿದರು. ಮೂರು ತುಂಡು ಕೂಡಿದ ಕಡೆ ಗೆರೆ ಕಾಣುತ್ತಿತ್ತು. ಕೂಡಿಸಿದ್ದು ಚೆನ್ನಾಗಿದೆ, ನೆರಿಗೆ ಬಿದ್ದಿಲ್ಲ ಎಂದು ಮೆಚ್ಚಿದರು. ನಕ್ಷೆಯವಳಿಗೆ ಬೆಳಿಗ್ಗೆಯಿಂದ ಮೊದಲ ಸಲ ಉಸಿರು ಸಲೀಸಾಗಿ ಬಂತು.

ಆಮೇಲೆ ಅಕ್ಕ ಎರಡು ದವಡೆಗಳನ್ನೂ ಒಂದಕ್ಕೊಂದು ಒತ್ತಿದರು. ಎಡಗಡೆಯ ಹೊಸ ಹಲ್ಲು ಮೇಲಿನ ಹಲ್ಲಿಗೆ ಟಕ್ಕೆಂದು ತಾಗಿತು. ಬಲಗಡೆ ತಾಗಲಿಲ್ಲ. ಅವರು ಬಿಡಿಸಿ ಇನ್ನೊಮ್ಮೆ ಒತ್ತಿದರು. ಎಡಗಡೆ ಕೂತಿತು, ಬಲಗಡೆ ಬಾಯಿ ತೆರೆದುಕೊಂಡೇ ಇತ್ತು. ಅಕ್ಕ ಮಡಿಲಿನ ಮೇಲಿದ್ದ ಕೋಟಿನ ಗುಂಡಿಯೊಂದನ್ನು ಎತ್ತಿಕೊಂಡು ಆ ಸಂದಿಗೆ ಹಿಡಿದರು. ಗುಂಡಿ ಎಲ್ಲೂ ತಗುಲದೆ ಆಚೆ ಹೋಗಿ ಹೊದಿಕೆಯ ಮೇಲೆ ಬಿತ್ತು.

"ನಾನು ದಾರ ಕಚ್ಚಿ ಹರಿಯೋದು ಈ ಕಡೆಯಿಂದ," ಎಂದರು ಬಲಗಡೆ ತೋರಿಸಿ. "ಇಲ್ಲಿ ದಾರ ಎಲ್ಲಿ ಸಿಕ್ಕುತ್ತೆ, ಗುಂಡೀನೇ ತೂರ್ತಾ ಇದೆ. ಇದು ಬರೀ ಮಾದರಿ ತಾನೇ? ನನ್ನ ಬಾಯಿಗೆ ಕೂತ ಮೇಲೆ ಸರಿಹೋಗುತ್ತೆ, ಅಲ್ವೇನಮ್ಮಾ?"

ನಕ್ಷೆಯವಳು, ನೋಡಿಬಂದು ಹೇಳುತ್ತೇನೆ ಅಕ್ಕಾ ಎಂದಷ್ಟೇ ಹೇಳಿ, ಡಬ್ಬಿಯನ್ನು ಅಲ್ಲೇ ಬಿಟ್ಟು, ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದಳು. ಗಂಡನಿಗೆ ಕೊಟ್ಟ ಭಾಷೆ ಎರಡನೇ ಮಹಡಿಯಲ್ಲೆಲ್ಲೋ ಉದುರಿಹೋಯಿತು.

ಫೈಲು ತೆರೆದರೆ ಅದು ಅಲ್ಲೇ ಇತ್ತು, ಕಣ್ಣಿಗೆ ಹೊಡೆಯುವ ಹಾಗೆ. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಬೂದು ಬಣ್ಣದ ಒಂದು ನೆರಳು: ಹತ್ತಿಯ ಸುರುಳಿ. ಹಲ್ಲಿಗೆ ಹಲ್ಲು ತಾಗಿದ್ದರೆ ಸ್ಕ್ಯಾನಿನಲ್ಲಿ ಎರಡೂ ಅಂಟಿಕೊಂಡಂತೆ ಕಾಣುತ್ತವೆ. ಅದಕ್ಕೇ ಹತ್ತಿ ಇಟ್ಟು ಬಾಯನ್ನು ಒಂದಿಷ್ಟು ತೆರೆಸಿ ಚಿತ್ರ ತೆಗೆಯುವುದು ರೂಢಿ. ಆ ತೆರೆದ ಬಾಯನ್ನು, ಮೆತ್ತನೆಯ ಮೇಣದ ಮೇಲೆ ಹಲ್ಲು ಕೂಡಿಸಿ ತೆಗೆದುಕೊಂಡ ಅಚ್ಚು ನೋಡಿಕೊಂಡು ಪರದೆಯ ಮೇಲೆ ಮುಚ್ಚುವುದು ನಕ್ಷೆಯವಳ ಮೊಟ್ಟಮೊದಲ ಕೆಲಸ. ಮೊದಲ ಸ್ಕ್ಯಾನಿನಲ್ಲಿ ಮುಚ್ಚಿದ್ದಳು. ತಾನೇ ಹಟ ಮಾಡಿ ತೆಗೆಸಿದ ಎರಡನೆಯದು ಬಂದ ದಿನ, ಹಳೆಯದರ ಜಾಗಕ್ಕೆ ಹೊಸದನ್ನು ತಂದಿಟ್ಟು ಸೀದಾ ಮುಂದಿನ ಕೆಲಸಕ್ಕೆ ಕೈ ಹಾಕಿದ್ದಳು. ಬಾಯಿ ಮುಚ್ಚಿಯಾಗಿದೆ ಎಂದುಕೊಂಡಿದ್ದಳು. ಮುಚ್ಚಿದ್ದು ಹಳೆಯ ಬಾಯಿ. ಹೊಸದು ತೆರೆದೇ ಇತ್ತು, ಆ ತೆರೆದ ಬಾಯಲ್ಲಿ ಮೇಲಿನ ಹಲ್ಲಿಗೆ ತಾಗುವಷ್ಟು ಎತ್ತರಕ್ಕೆ ಇವಳು ಮೂಳೆ ಕಟ್ಟಿದ್ದಳು. ಹಾಗೆ ಕೂರಿಸಿದರೆ ಎಡಗಡೆ ಮೊದಲೇ ತಾಗಿ, ಬಲಗಡೆ ಅಕ್ಕನ ಬಾಯಿ ಈ ಜನ್ಮದಲ್ಲಿ ಮುಚ್ಚುತ್ತಿರಲಿಲ್ಲ. ಡಾಕ್ಟರಿಗೆ ತೋರಿಸುವಾಗ ನೋಟಕ್ಕೆ ಅಡ್ಡವೆಂದು ಮೇಲಿನ ದವಡೆಯನ್ನು ಮರೆಮಾಡಿದ್ದಳು. ಅವರು ನೋಡಿದ್ದೂ ಕೆಳಗಿನದೊಂದನ್ನೇ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು. ಮಸುಕು ಸ್ಕ್ಯಾನೇ ಸಾಕು ಎಂದು ಸುಮ್ಮನಿದ್ದಿದ್ದರೆ ಅಕ್ಕ ಈ ಹೊತ್ತಿಗೆ ಮನೆಯಲ್ಲಿ ಕೂತು ದಾರ ಕಚ್ಚುತ್ತಿದ್ದರು. ಅವಳಿಗೆ ಅಳು ಬಂತು, ಅಳಲು ಪುರುಸೊತ್ತಿರಲಿಲ್ಲ. ಗಂಟೆ ಮೂರೂವರೆ.

ಮನುಷ್ಯನ ಬುದ್ಧಿ ಎಷ್ಟು ಚುರುಕೆಂದರೆ, ಮೆಟ್ಟಿಲು ಹತ್ತುವಷ್ಟರಲ್ಲೇ ತಪ್ಪಿಸಿಕೊಳ್ಳಲು ಎರಡು ದಾರಿ ಹುಡುಕಿತ್ತು. ಥಿಯೇಟರಿನಲ್ಲಿ ಡಾಕ್ಟರೇ ಗಮನಿಸಿ ಮೂಳೆ ತೇಯ್ದು ಸರಿಮಾಡಿಯಾರು. ಆರು ವಾರದಲ್ಲಿ ಗೆಡ್ಡೆ ಹಲ್ಲನ್ನು ಸರಿಸಿತ್ತು ಎಂದು ಯಾರಾದರೂ ಅಂದಾರು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಆದರೆ ಡಾಕ್ಟರು ಗಮನಿಸುವ ಹೊತ್ತಿಗೆ ಕಾಲಿನ ಮೂಳೆ ಮೂರು ತುಂಡಾಗಿರುತ್ತದೆ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಳ್ಳೆಯವಳೆಂದಲ್ಲ, ಸುಮ್ಮನಿರುವುದು ಅವಳ ಮೈಗೇ ಆಗಿಬಂದಿರಲಿಲ್ಲ.

ದೊಡ್ಡ ಡಾಕ್ಟರು ಹೊರರೋಗಿಗಳನ್ನು ನೋಡುತ್ತಿದ್ದರು. ಅವಳ ಮುಖ ಕಂಡದ್ದೇ ಪೆನ್ನು ಕೆಳಗಿಟ್ಟು, ಈಗ ಯಾರ ಓಲೆ ಎಂದರು. ಅವಳು ಒಂದೇ ಉಸಿರಿಗೆ ಹೇಳಿದಳು. ಹತ್ತಿ, ಎರಡನೇ ಸ್ಕ್ಯಾನು, ಮುಚ್ಚದ ಬಾಯಿ, ಗುಂಡಿ. ಎಲ್ಲ ಹೇಳಿ ಮುಗಿಸಿ, ಬೈಗುಳಕ್ಕೆ ಕಾದು ನಿಂತಳು. ಅವರು ಬೈಯಲಿಲ್ಲ. ಬಹಳ ಹೊತ್ತು ಕನ್ನಡಕ ಒರೆಸಿದರು. ಆ ಪರದೆಯನ್ನು ತಾವೂ ನೋಡಿದ್ದು ಅವರಿಗೆ ನೆನಪಾಗಿರಬೇಕು.

ಹೊಸದು ಮಾಡಲು ಎಷ್ಟು ಹೊತ್ತು ಬೇಕು ಎಂದು ಕೇಳಿದರು. ಹಲ್ಲಿನ ಮೇಣದ ಅಚ್ಚು ಈಗಿಂದೀಗ ಹೊಸದಾಗಿ ಬೇಕು, ಹಳೆಯದಕ್ಕೆ ವಯಸ್ಸಾಗಿದೆ. ಆಮೇಲೆ ನಕ್ಷೆ, ಪ್ರಿಂಟು, ಕ್ರಿಮಿಶುದ್ಧಿ. ನಾಳೆ ಸಾಧ್ಯವೇ ಇಲ್ಲ, ನಾಡಿದ್ದು ಆದೀತು ಎಂದಳು. ಅವರು ಫೋನೆತ್ತಿ, ನಾಡಿದ್ದು ಕೈಬೆರಳಿನ ಆಪರೇಷನ್ ಇಟ್ಟುಕೊಂಡಿದ್ದ ಇನ್ನೊಬ್ಬ ಡಾಕ್ಟರ ಜೊತೆ ಹತ್ತು ನಿಮಿಷ ಕಾದಾಡಿ, ದಿನ ಅದಲುಬದಲು ಮಾಡಿಕೊಂಡರು. ಫೋನಿಟ್ಟ ಮೇಲೆ ಅವಳ ಕಡೆ ತಿರುಗಿದರು. ಇಷ್ಟು ವರ್ಷ ಏಕವಚನದಲ್ಲಿ ಗದರುತ್ತಿದ್ದವರು ಈಗ ಬಹುವಚನಕ್ಕೆ ಏರಿದ್ದು ಅವಳಿಗೆ ಬೈಗುಳಕ್ಕಿಂತ ಚುರುಕ್ಕೆಂದಿತು.

"ನೀವೇ ಹೋಗಿ ಅವರಿಗೆ ಹೇಳಿ. ಗೆಡ್ಡೆ ಸ್ವಲ್ಪ ಜರುಗಿದ ಹಾಗಿದೆ, ಅಳತೆ ಮತ್ತೆ ಬೇಕು ಅನ್ನಿ. ಅಷ್ಟು ಸಾಕು. ಆಪರೇಷನ್‌ಗೆ ಮುಂಚೆ ರೋಗಿಗೆ ನಮ್ಮ ಮೇಲೆ ನಂಬಿಕೆ ಹೋಗಬಾರದು. ನಿಮ್ಮ ಕೋಣೆಯ ವಿಚಾರ ಆಮೇಲೆ ಮಾತಾಡೋಣ."

ಮೇಣದ ಹಾಳೆಯನ್ನು ಬಿಸಿನೀರಿನ ಬಟ್ಟಲಲ್ಲಿಟ್ಟುಕೊಂಡು ಅವಳು ಮತ್ತೆ ಮೂರನೇ ಮಹಡಿ ಹತ್ತಿದಳು. ಡಾಕ್ಟರು ಹೇಳಿಕೊಟ್ಟ ಮಾತನ್ನು ದಾರಿಯುದ್ದಕ್ಕೂ ಉರು ಹಚ್ಚಿದಳು. ಅದು ಹುಸಿನಂಬಿಕೆಯಾದರೂ ನಂಬಿಕೆಯೇ ಅಲ್ಲವೇ ಎಂದು ಸಮಾಧಾನ ಮಾಡಿಕೊಂಡಳು. ಹಾಸಿಗೆಯ ಪಕ್ಕ ನಿಂತು, ಉರು ಹಚ್ಚಿದ್ದನ್ನೇ ಒಪ್ಪಿಸಿದಳು: ಆಪರೇಷನ್ ನಾಡಿದ್ದಿಗೆ ಹೋಗಿದೆ, ಗೆಡ್ಡೆ ಜರುಗಿದ ಹಾಗಿದೆ, ಹಲ್ಲಿನ ಅಳತೆ ಮತ್ತೊಮ್ಮೆ ಬೇಕು.

ತಂಗಿ ಕುರ್ಚಿಯಿಂದ ಎದ್ದೇಬಿಟ್ಟಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇವರಿಗೆ ಆಟವಾಗಿದೆ, ಅಳೆಯುವುದಕ್ಕೇ ಇವರಿಗೆ ಸಂಬಳವೇನೋ, ಎಂದು ಇಡೀ ವಾರ್ಡಿಗೆ ಕೇಳುವ ಹಾಗೆ ಶುರುಮಾಡಿದಳು. ನಕ್ಷೆಯವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಅದು ಅವಳಿಗೆ ಒಂಥರಾ ಹಿತವಾಗಿಯೇ ಇತ್ತು. ದರ್ಜಿ ಅಕ್ಕನ ಮುಖ ಮಾತ್ರ ಬಿಳುಚಿಕೊಂಡಿತ್ತು. ಎಡಗೆನ್ನೆಯ ಮೇಲೆ ಕೈ ಇಟ್ಟುಕೊಂಡು, ತಂಗಿಯ ತೋಳು ಹಿಡಿದು ತಡೆದರು.

"ಅವರನ್ನ ಬೈಬೇಡ ಕಣೇ. ನಾನೇ ಮಾಡ್ಕೊಂಡಿದ್ದು. ಹೋದ ವಾರ ನೀನು ನೀರು ತರೋಕೆ ಹೋದಾಗ, ಕತ್ತರಿ ಕೈಗೆ ಸಿಗಲಿಲ್ಲ ಅಂತ ದಾರ ಕಚ್ಚಿಬಿಟ್ಟೆ. ಒಂದೇ ಒಂದು ಸಲ. ಬೇಡ ಅಂದಿದ್ರು, ಅಭ್ಯಾಸಬಲ, ಬಾಯಿ ಕೇಳಲಿಲ್ಲ."

ತಂಗಿಯ ಬಾಣ ಆ ಕ್ಷಣವೇ ದಿಕ್ಕು ಬದಲಿಸಿತು. ಹೇಳಿದರೆ ಕೇಳುವುದಿಲ್ಲ, ಮೂರು ತಿಂಗಳು ನಿನ್ನ ಹಿಂದೆ ಮುಂದೆ ಕಾದಿದ್ದಕ್ಕೆ ಇದು ಫಲ, ಎಂದು ಅಕ್ಕನ ಮೇಲೆ ಹರಿಹಾಯ್ದಳು. ಅಕ್ಕ ಹೊದಿಕೆಯ ಅಂಚನ್ನು ಬೆರಳಲ್ಲಿ ಸುರುಳಿ ಸುತ್ತುತ್ತಿದ್ದರು. ಅಷ್ಟು ಹೊತ್ತು ಕಡಲೆಯ ಗಾದೆ ಹೇಳಿ ನಗಿಸುತ್ತಿದ್ದ ಹೆಂಗಸು ತನ್ನ ಬಾಯಿಗೆ ತಾನೇ ಹೆದರಿ, ತುಟಿ ಬಿಗಿದು ಕೂತಿದ್ದನ್ನು ನೋಡಲು ನಕ್ಷೆಯವಳಿಂದ ಆಗಲಿಲ್ಲ. ಅವಳು ಬಟ್ಟಲನ್ನು ಮೇಜಿನ ಮೇಲಿಟ್ಟಳು.

"ಅಕ್ಕಾ, ದಾರದಿಂದ ಏನೂ ಆಗಿಲ್ಲ. ಗೆಡ್ಡೆ ಜರುಗಿಲ್ಲ. ನಾನು ಸುಳ್ಳು ಹೇಳಿದೆ. ನಿಮ್ಮ ಬಾಯಿ ಸರಿಯಾಗೇ ಇದೆ, ತಪ್ಪು ಮಾಡಿದ್ದು ನಾನು. ತೆರೆದ ಬಾಯಿಗೆ ಅಳತೆ ಹಿಡಿದು ಮೂಳೆ ಮಾಡಿಬಿಟ್ಟೆ. ನೀವು ಗುಂಡಿ ತೂರಿಸಿ ನೋಡದೇ ಇದ್ದಿದ್ರೆ, ನಾಳೆ ಹಾಗೇ ಕತ್ತರಿಸಿಬಿಡ್ತಿದ್ರು."

ಪಕ್ಕದ ಹಾಸಿಗೆಯವಳು ಗೋಡೆಯ ಕಡೆ ತಿರುಗಿ ಮಲಗಿದಳು, ಕಿವಿಯನ್ನು ಮಾತ್ರ ಇತ್ತಲೇ ಬಿಟ್ಟು. ಅಕ್ಕ ನಕ್ಷೆಯವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಇನ್ನು ಈ ಹೆಣ್ಣಿನ ಕೈಗೆ ನನ್ನ ಮುಖ ಕೊಡುವುದಿಲ್ಲ, ಬೇರೆಯವರನ್ನು ಕರೆಯಿರಿ ಅಂದರೆ ಹೂಂ ಎಂದು ಹೊರಡುವುದೇ ಸರಿ ಎಂದುಕೊಂಡು ಅವಳು ನಿಂತಿದ್ದಳು. ಬಟ್ಟಲಲ್ಲಿ ನೀರು ಆರುತ್ತಿತ್ತು.

"ಮೂವತ್ತು ವರ್ಷ ಹೊಲಿದಿದ್ದೀನಿ," ಎಂದರು ಅಕ್ಕ ಕೊನೆಗೆ. "ಅಂಗಿ ಬಿಗಿಯಾದ್ರೆ, ನೀವೇ ದಪ್ಪ ಆಗಿದ್ದೀರಿ ಅಂತೀನಿ. ಸಡಿಲ ಆದ್ರೆ, ಇಳಿದುಹೋಗಿದ್ದೀರಿ, ಏನಾಯ್ತು ಅಂತ ವಿಚಾರಿಸ್ಕೋತೀನಿ. ನನ್ನ ಕತ್ತರಿ ತಪ್ಪಿತು ಅಂತ ಒಬ್ಬರ ಹತ್ರಾನೂ ಅಂದಿಲ್ಲ. ಒಂದು ಹುಡುಗಿ ಕೆಲಸಕ್ಕೆ ಸೇರೋಳು, ಮೊದಲನೇ ದಿನಕ್ಕೆ ಅಂತ ಕೋಟು ಹೊಲಿಸಿದಳು. ತೋಳು ಎರಡು ಬೆರಳು ಗಿಡ್ಡ ಮಾಡಿಬಿಟ್ಟೆ. ನಿನ್ನ ಕೈನೇ ಉದ್ದ ಕಣಮ್ಮಾ, ಎಲ್ಲರಿಗಿಂತ ಉದ್ದ, ನಾನೇನು ಮಾಡ್ಲಿ ಅಂದೆ. ಪಾಪ, ಹೌದಾ ಅಂತ ನೋಡ್ಕೊಂಡಳು."

ಅವರು ಸ್ವಲ್ಪ ಸುಧಾರಿಸಿಕೊಂಡರು. ಊದಿದ ಕೆನ್ನೆಯಿಂದ ಅಷ್ಟು ಮಾತಾಡುವುದು ನೋವಿನ ಕೆಲಸ.

"ಈಗ ಅವಳಿಗೆ ನಲವತ್ತು ದಾಟಿದೆ. ನಮ್ಮ ರಸ್ತೇಲೇ ಓಡಾಡ್ತಾಳೆ. ಯಾವ ಅಂಗಿ ಹಾಕಿರಲಿ, ಎಷ್ಟು ಉದ್ದದ ತೋಳಿರಲಿ, ಮುಂಗೈ ಮುಚ್ಚೋ ಹಾಗೆ ಅದನ್ನ ಎಳಕೋತಾ, ಎಳಕೋತಾನೇ ಹೋಗ್ತಾಳೆ. ಅವಳ ಕೈ ಸರಿಯಾಗೇ ಇತ್ತಮ್ಮಾ."

ತಂಗಿ ಮೆಲ್ಲನೆ ಕುರ್ಚಿಗೆ ಕೂತಳು. ಅಕ್ಕ ದಿಂಬಿಗೆ ಒರಗಿ ತಲೆಯನ್ನು ನೆಟ್ಟಗಿಟ್ಟುಕೊಂಡರು, ಅಳತೆ ಕೊಡುವವರು ಹೇಗೆ ಕೂರಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೇಣ ಗಟ್ಟಿಯಾಗುವ ಮೊದಲು ಬಾ ಎಂದು ನಕ್ಷೆಯವಳನ್ನು ಕೈಸನ್ನೆ ಮಾಡಿ ಕರೆದು, ಬಾಯಿ ತೆರೆದರು.